ಬಿಲ್ಲಿಂಗ್ ಮೇಜಿನ ಕೆಳಗಿನ ವೈರು

ಮದ್ದೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನೂ ಅವುಗಳ ನಡುವಿನ ವೈರುಗಳನ್ನೂ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಬಿಲ್ಲಿಂಗ್ ಕೌಂಟರಿನಲ್ಲಿ ಮಳವಳ್ಳಿ ಕಡೆಯ ಹೆಂಗಸೊಬ್ಬರು ಕೂರುತ್ತಿದ್ದರು. ನನಗಿಂತ ಹಿರಿಯರು, ಅಕ್ಕ ಎನ್ನುತ್ತಿದ್ದೆ. ನಾನು ಚಿಕ್ಕರಸಿನಕೆರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿಳಿದರೆ ಡಬ್ಬಿ ಮುಚ್ಚಳ ತೆಗೆದು, "ಬಾರಮ್ಮಿ, ಮೊದ್ಲು ತಿನ್ನು, ವೈರು ಎಲ್ಲೂ ಓಡೋಗಲ್ಲ" ಎನ್ನುತ್ತಿದ್ದರು. ನನ್ನ ಮದುವೆಯ ಮಾತು ಮುರಿದುಬಿದ್ದಾಗ ನಾನು ಮೊದಲು ಅತ್ತದ್ದು ಅವರೆದುರು.

ಒಂದು ಸಂಜೆ ಅವರು ಕೇಳಿದರೆಂದು ಅವರ ಪ್ರಿಂಟರನ್ನು ಪಕ್ಕದ ಕೋಣೆಗೆ ಸಾಗಿಸಿದೆ. ಅದರ ಹಳೆಯ ವೈರಿನ ಒಂದು ತುದಿ ಮೇಜಿನ ಕೆಳಗಿನ ಪುಟ್ಟ ಸ್ವಿಚ್ಚಿನಲ್ಲೇ, ಅಂದರೆ ಕಂಪ್ಯೂಟರುಗಳ ವೈರುಗಳನ್ನು ಒಂದಕ್ಕೊಂದು ಬೆಸೆಯುವ ಪೆಟ್ಟಿಗೆಯಲ್ಲೇ, ಉಳಿಯಿತು. ಇನ್ನೊಂದು ತುದಿಯನ್ನು ಸುತ್ತಿ ಮೂಲೆಗಿಟ್ಟೆ. ಹಾಗಿದ್ದರೆ ಏನೂ ತೊಂದರೆಯಿಲ್ಲ.

ಮಾರನೆಯ ಬೆಳಿಗ್ಗೆ ಹೋಗುವಷ್ಟರಲ್ಲಿ ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ನಿಂತಿದ್ದವು. ಚೀಟಿ ಮಾಡಿಸುವವರ ಸಾಲು ಗೇಟಿನವರೆಗೆ ಬೆಳೆದಿತ್ತು. ಮ್ಯಾನೇಜರು ನನ್ನನ್ನು ಕಂಡೊಡನೆ, "ನೀವೇ ಆರಿಸಿ ತರಿಸಿದ ದೊಡ್ಡ ಸ್ವಿಚ್ ಅಲ್ವೇನ್ರೀ ಕೆಟ್ಟಿರೋದು?" ಎಂದರು.

ಎಲ್ಲ ವೈರುಗಳೂ ಬಂದು ಸೇರುವ ದೊಡ್ಡ ಸ್ವಿಚ್ಚು ಮಹಡಿ ಮೆಟ್ಟಿಲ ಕೆಳಗಿತ್ತು. ಬೇರೆ ದಿನ ಅದರ ದೀಪಗಳು ತಮಗೆ ತೋಚಿದಂತೆ ಮಿನುಗುತ್ತವೆ. ಅಂದು ಎಲ್ಲವೂ ಒಟ್ಟಿಗೆ, ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿದ್ದವು. ಕರೆಂಟು ತೆಗೆದು ಹಾಕಿದೆ. ಒಂದು ಗಳಿಗೆ ಸರಿಹೋಗಿ ಮತ್ತೆ ಅದೇ ಕಥೆ. ವೋಲ್ಟೇಜ್ ತೊಂದರೆ ಇರಬಹುದೆಂದು ಬೇರೆ ಪ್ಲಗ್ಗಿಗೆ ಹಾಕಿ ನೋಡಿದೆ. ಪ್ರಯೋಜನವಾಗಲಿಲ್ಲ. ಸ್ವಿಚ್ಚೇ ಕೆಟ್ಟಿದೆಯೇನೋ ಎಂದು ನನಗೂ ಅನುಮಾನ ಬಂತು. ಕೊನೆಗೆ ವೈರುಗಳನ್ನು ಒಂದೊಂದಾಗಿ ಕೀಳುತ್ತಾ ಬಂದೆ. ಬಿಲ್ಲಿಂಗಿನದನ್ನು ಕಿತ್ತದ್ದೇ ತಡ, ದೀಪಗಳು ತಣ್ಣಗಾದವು. ಮತ್ತೆ ಸಿಕ್ಕಿಸಿದರೆ ಮತ್ತೆ ಬಡಿತ. ಖುಷಿಯಿಂದ ಅಕ್ಕನ ಮೇಜಿಗೆ ಓಡಿದೆ.

ಕೆಳಗೆ ಬಗ್ಗಿದರೆ, ಮೂಲೆಗಿಟ್ಟಿದ್ದ ತುದಿಯೂ ಅದೇ ಪುಟ್ಟ ಸ್ವಿಚ್ಚಿಗೆ ಸೇರಿತ್ತು. ಒಂದೇ ವೈರು, ಎರಡು ತುದಿಯೂ ಒಂದೇ ಪೆಟ್ಟಿಗೆಯಲ್ಲಿ. ಒಳಹೋದ ಸಂದೇಶ ಹೊರಬರದೆ ಸುತ್ತಿ ಸುತ್ತಿ, ಉಳಿದ ಯಾವುದಕ್ಕೂ ದಾರಿ ಬಿಟ್ಟಿರಲಿಲ್ಲ. ಕಿತ್ತೆ. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಮತ್ತೆ ಎದ್ದವು.

"ಅಕ್ಕಾ, ಇದ್ನ ಯಾರು ಸಿಗ್ಸಿದ್ದು?"

ಅವರು ಕಾಲು ಹಿಂದಕ್ಕೆಳೆದುಕೊಂಡರು. ಅಷ್ಟರಲ್ಲಿ ಮ್ಯಾನೇಜರು ಬಂದು ಅದನ್ನೇ ಕೇಳಿದರು. ಅಕ್ಕ ನನ್ನತ್ತ ನೋಡಲಿಲ್ಲ. "ನೆನ್ನೆ ಸಾಯಂಕಾಲ ಇವ್ಳೇ ಕೆಳಗೆ ಕೂತ್ಕಂಡು ಏನೋ ಸಿಗ್ಸ್ತಿದ್ಲು ಸಾರ್. ನಾನೇ ಕಣ್ಣಾರೆ ನೋಡ್ದೆ."

"ನೆನ್ನೆ ಸಂಜೇನೇ ಹೀಗಿದ್ರೆ ಆಗ್ಲೇ ಎಲ್ಲ ನಿಲ್ಬೇಕಿತ್ತು ಸಾರ್" ಎಂದೆ. ಮ್ಯಾನೇಜರು ಕೇಳಿಸಿಕೊಳ್ಳಲಿಲ್ಲ. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿ ಆ ವೈರು ಹಾಗೇ ಇತ್ತು.

ಮಧ್ಯಾಹ್ನ ಕೈತೊಳೆಯುವಲ್ಲಿ ಅಕ್ಕ ಪಕ್ಕಕ್ಕೆ ಬಂದರು. "ಬೆಳಿಗ್ಗೆ ಆ ವೈರು ಸೀರೆಗೆ ಸಿಕ್ಕಾಕ್ಕತಿತ್ತು ಕಣಮ್ಮಿ, ಪೆಟ್ಗೇಲಿ ತೂತು ಕಾಣ್ತು, ಸಿಗ್ಸ್‌ಬುಟ್ಟೆ. ಇಂಗಾಯ್ತದೆ ಅಂತ ನಂಗೇನ್ ಗೊತ್ತಿತ್ತು?"

"ಅದ್ನೇ ಸಾರ್‌ಗೆ ಹೇಳ್ಬೋದಿತ್ತಲ್ಲಕ್ಕಾ."

"ನನ್ ಕೆಲ್ಸ ಓಗ್ಬುಟ್ರೆ ನನ್ನ ಯಾರ್ ಕೇಳ್ತಾರೆ? ನೀನು ಓದಿರೋಳು. ಎಲ್ಲಾದ್ರೂ ಬದುಕ್ಕತೀಯ."

ಇಷ್ಟು ಹೇಳಿ ನನ್ನ ಭುಜ ಮುಟ್ಟಲು ಬಂದರು. ನಾನು ಸರಿದುಕೊಂಡೆ. ವೈರು ಸಿಕ್ಕಿಸಿದ್ದಕ್ಕೆ ನನಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಎಷ್ಟೋ ಕಡೆ ಎಷ್ಟೋ ಜನ ಹಾಗೆ ಮಾಡುತ್ತಾರೆ. ಆದರೆ ನನ್ನನ್ನು ಬಿಟ್ಟುಕೊಡಬಹುದೆಂದು ಅವರು ಅಷ್ಟು ಬೇಗ ಲೆಕ್ಕ ಹಾಕಿದ್ದರಲ್ಲ, ಅದನ್ನು ಸಹಿಸಲಾಗಲಿಲ್ಲ. ಮ್ಯಾನೇಜರಿಗೆ ಅವರ ಮಾತನ್ನು ಹೇಳಿದೆ. "ಮಾಡಿದ್ದೂ ಅಲ್ದೆ ದೊಡ್ಡವರ ಮೇಲೆ ಹಾಕ್ತೀರಾ?" ಎಂದರು. ಆ ತಿಂಗಳೇ ನನ್ನನ್ನು ಬಿಡಿಸಿದರು.

ಮಂಡ್ಯದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಸೇರಿ ಬಹಳ ದಿನಗಳ ಮೇಲೆ ಅಕ್ಕನ ಫೋನು ಬಂತು. ಏನೂ ನಡೆದೇ ಇಲ್ಲವೆಂಬ ದನಿ. "ಅಮ್ಮಿ, ಮತ್ತೆ ನೆಟ್ ಓಗ್ಬುಟ್ಟದೆ. ಒಸಬ್ನಿಗೆ ಏನೂ ತಿಳಿಯಾಕಿಲ್ಲ. ಒಂಚೂರು ಏಳ್ಕೊಡೆ."

ಕ್ಷಮಿಸು ಎಂಬ ಮಾತು ಈಗಲಾದರೂ ಬರುತ್ತದೇನೋ ಎಂದು ಕಾದೆ. ಅತ್ತಲಿಂದ ಸಾಲಿನ ಗದ್ದಲ ಮಾತ್ರ ಕೇಳುತ್ತಿತ್ತು. "ಮ್ಯಾನೇಜರ್ ಕೈಲಿ ಫೋನ್ ಮಾಡ್ಸಿ ಅಕ್ಕ, ಅವ್ರೇ ಕೇಳ್ಲಿ" ಎಂದು ಫೋನಿಟ್ಟೆ. ಮ್ಯಾನೇಜರ ಫೋನು ಬರಲೇ ಇಲ್ಲ; ಅಕ್ಕ ಮಾಡಿಸಲಿಲ್ಲ.