ಇಬ್ಬರಿಗೂ ಒಂದೇ ಕನ್ನಡಕ

ನಮ್ಮ ಮನೆಯಲ್ಲಿ ಎಲ್ಲಕ್ಕೂ ಒಂದು ಕ್ರಮವಿತ್ತು. ಬೆಳಿಗ್ಗೆ ಪೂಜೆ ಮುಗಿಸಿ ಅಪ್ಪ ಪತ್ರಿಕೆ ಓದುವರು. ಮಧ್ಯಾಹ್ನ ಕೆಲಸ ಮುಗಿಸಿ ಅವ್ವ ಮಹಿಳಾ ಸಮಾಜಕ್ಕೆ ಹೋಗುವಳು. ಐವತ್ತರ ದಶಕದ ಕೊನೆಯ ಮಾತು. ಅಲ್ಲಿ ಆಗಷ್ಟೇ ಅಕ್ಷರ ಕಲಿಸತೊಡಗಿದ್ದರು. ಅವಳ ವಯಸ್ಸಿನವರು ಸ್ಲೇಟು ಹಿಡಿದರೆ ನಮ್ಮೂರು ಕಟ್ಟೆಮಳಲವಾಡಿಯ ಜನ ನಗುತ್ತಿದ್ದರು. ಅವಳು ಲೆಕ್ಕಿಸಲಿಲ್ಲ. ಮನೆದೇವರ ಪದಗಳನ್ನು ತಾನೇ ಓದಿ ಹಾಡಬೇಕೆಂಬುದು ಅವಳ ಆಸೆ.

ದಪ್ಪಕ್ಷರ ಓದುತ್ತಿದ್ದಳು, ಸಣ್ಣಕ್ಷರ ಮಸುಕು. ಅಪ್ಪನಿಗೂ ಹಾಗೇ ಆಗತೊಡಗಿತ್ತು. ಹುಣಸೂರಿನ ಆಸ್ಪತ್ರೆಗೆ ಬಂದಿದ್ದ ಕಣ್ಣಿನ ಡಾಕ್ಟರು ಇಬ್ಬರನ್ನೂ ನೋಡಿ ಒಬ್ಬೊಬ್ಬರಿಗೆ ಒಂದು ಚೀಟಿ ಬರೆದುಕೊಟ್ಟರು. ಪ್ರತಿ ಚೀಟಿಯಲ್ಲೂ ಬಲಗಣ್ಣಿಗೊಂದು ಸಾಲು, ಎಡಗಣ್ಣಿಗೊಂದು ಸಾಲು. ಅಪ್ಪ ಎರಡನ್ನೂ ಮೈಸೂರಿಗೆ ಒಯ್ದು, ಒಂದೇ ಕನ್ನಡಕ ತಂದರು.

"ಇನ್ನೊಂದೆಲ್ಲಿ?" ಎಂದಳು ಅವ್ವ.

"ಇನ್ನೊಂದ್ಯಾಕೆ? ಬೆಳಿಗ್ಗೆ ನಾನು, ಮಧ್ಯಾನ ನೀನು. ಬಲಗಡೆ ಗಾಜು ನನ್ ಚೀಟಿದು, ಎಡಗಡೇದು ನಿನ್ ಚೀಟಿದು."

"ಅಂಗಡಿಯವ್ನು ಏನೂ ಅನ್ನಲಿಲ್ವಾ?"

"ಅಂಗೆಲ್ಲ ಬರಕಿಲ್ಲ ಯಜಮಾನ್ರೇ ಅಂದ. ಸಿವ ಎಡಗಡೆ ಪಾರ್ವತವ್ವನ್ನ ಇಟ್ಕಂಡು ಲೋಕಾನೇ ನೋಡ್ತಿಲ್ವಾ, ನೀ ಸುಮ್ಕೆ ಮಾಡಯ್ಯ ಅಂದೆ."

"ಸಿವಂಗೆ ಮೂರ್ ಕಣ್ಣು ಕಣ್ರೀ," ಎಂದು ಅವ್ವ ನಕ್ಕಳು.

ಅಪ್ಪ ಜಿಪುಣರಾಗಿರಲಿಲ್ಲ. ಹೆಂಡತಿಯ ಜಾಗ ಗಂಡನ ಎಡಗಡೆ ಎಂಬ ರೂಢಿ ಕನ್ನಡಕಕ್ಕೂ ಸಲ್ಲುತ್ತದೆಂದು ಮನಸಾರೆ ನಂಬಿದ್ದರು. ತಮ್ಮ ಎಡಗಣ್ಣು ಮುಚ್ಚಿಕೊಂಡು ಓದುವುದನ್ನು ರೂಢಿಸಿಕೊಂಡರು. ನಾಲ್ಕು ಹೆಂಗಸರ ಮುಂದೆ ಒಂದು ಕಣ್ಣು ಮುಚ್ಚಿ ಕೂರಲು ಅವ್ವನಿಗೆ ನಾಚಿಕೆ. ಎರಡೂ ತೆರೆದರೆ ಸಾಲುಗಳು ಕದಲುತ್ತಿದ್ದವು, ತಲೆ ಸಿಡಿಯುತ್ತಿತ್ತು. ಯುಗಾದಿಯ ಹೊತ್ತಿಗೆ ಸ್ಲೇಟು ಬಿಟ್ಟಳು.

ಯಾಕವ್ವ ಎಂದು ಕೇಳಿದೆ.

"ಕನ್ನಡಕ ಬಂದ್ಮೇಲೂ ಅಕ್ಸರ ತಲೇಗೆ ಅತ್ತನಿಲ್ಲ ಅಂದ್ರೆ ತಲೇನೇ ಸರಿಯಿಲ್ಲ ಕಣಪ್ಪ. ಬುಡು."

ನಾನೂ ಹಾಗೇ ಇರಬಹುದೆಂದುಕೊಂಡೆ. ಬಹಳ ವರ್ಷಗಳ ಮೇಲೆ ನನಗೇ ಕನ್ನಡಕ ಬಂದಾಗ ಡಾಕ್ಟರನ್ನು ಕೇಳಿ ಚೀಟಿಯ ಅರ್ಥ ತಿಳಿದುಕೊಂಡೆ. ಒಬ್ಬರ ಎರಡು ಕಣ್ಣು ಜೊತೆಯಾಗಿ ನೋಡಲೆಂದು ಆ ಎರಡು ಸಾಲು ಬರೆಯುತ್ತಾರೆ; ಒಂದು ಗಾಜು ತನ್ನದು, ಇನ್ನೊಂದು ಬೇರೆಯವರದಾದರೆ ಯಾರಿಗಾದರೂ ಓದುವಾಗ ಅಕ್ಷರ ಕದಲುತ್ತದೆ. ಅವ್ವನ ತಲೆ ಸರಿಯಾಗಿಯೇ ಇತ್ತು. ಹೇಳೋಣವೆಂದರೆ ಅವಳಿರಲಿಲ್ಲ.

ಕೊನೆಯವರೆಗೂ ಅವಳು ಮನೆದೇವರ ಆ ಪದಗಳನ್ನು ನನ್ನಿಂದ ಓದಿಸಿ ಕೇಳುತ್ತಿದ್ದಳು. ನಾನು ಅವಸರ ಮಾಡಿದರೆ, "ನಿಧಾನ್ವಾಗಿ ಓದ್ಲಾ, ನಿಂಗಾದ್ರೂ ಬತ್ತದಲ್ಲ," ಎನ್ನುತ್ತಿದ್ದಳು.