ರಾಗಿಯೊಳಗಿನ ಗಾಜಿನ ಗುಂಡುಗಳು

ಡಿಸೆಂಬರ್ ಬಂತೆಂದರೆ ನಮ್ಮ ಕೊರಟಗೆರೆ ಮನೆಯ ಅಟ್ಟದಿಂದ ಒಂದು ತಗಡಿನ ಡಬ್ಬ ಕೆಳಗಿಳಿಯುತ್ತದೆ. ಮುಚ್ಚಳ ತೆಗೆದ ಕೂಡಲೇ ಹಳೆಯ ರಾಗಿಯ ಒಣ ವಾಸನೆ, ಅದರ ಹಿಂದೆಯೇ ಸಾಂಬ್ರಾಣಿಯ ಘಮ. ಕೈ ಇಳಿಸಿದರೆ ತಣ್ಣಗಿನ ರಾಗಿ ಬೆರಳ ಸಂದಿಯಲ್ಲಿ ಜಾರುತ್ತದೆ, ಆಮೇಲೆ ದುಂಡಗೆ, ನುಣ್ಣಗೆ ಏನೋ ತಾಕುತ್ತದೆ. ಅಷ್ಟು ಸಾಕು, ಪುರವರದ ನಮ್ಮ ಹಳೇ ಮನೆಯ ನಡುಮನೆಯಲ್ಲಿ ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಿರುತ್ತೇನೆ. ಆ ಮನೆ ಈಗಿಲ್ಲ. ಅದನ್ನು ಕೆಡವಿ ಚಿಕ್ಕಪ್ಪನ ಮಕ್ಕಳು ಅಂಗಡಿ ಮಳಿಗೆ ಕಟ್ಟಿಸಿದ್ದಾರೆ. ನಿಮಗೂ ಅಂಥದ್ದೊಂದು ಮನೆ ಇದ್ದಿರಬಹುದು. ಈಗ ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗ ನೀವೂ ಆ ಕಡೆಯ ಕಿಟಕಿಗೆ ತಿರುಗದೆ ಕೂರುತ್ತಿರಬಹುದು.

ಆ ರಾಗಿಯೊಳಗೆ ಹುದುಗಿರುವುದು ಕ್ರಿಸ್‌ಮಸ್ ಗಿಡಕ್ಕೆ ಕಟ್ಟುವ ಗಾಜಿನ ಗುಂಡುಗಳು. ರಾಗಿ, ಕಡಲೆಕಾಯಿ ಬೆಳೆದುಕೊಂಡು ಮನೆದೇವರಿಗೆ ನಡೆದುಕೊಳ್ಳುತ್ತಿದ್ದ ನಮ್ಮ ಮನೆಗೆ ಅವು ಬಂದದ್ದು ಊರಿನ ಆಸ್ಪತ್ರೆಗೆ ವರ್ಗವಾಗಿ ಬಂದಿದ್ದ ನರ್ಸ್ ರೋಸಮ್ಮನವರಿಂದ. ಒಂಟಿ ಹೆಂಗಸಿಗೆ ಬಾಡಿಗೆ ಕೊಡಲು ಊರವರು ಮೀನಮೇಷ ಎಣಿಸುತ್ತಿದ್ದಾಗ ಅಜ್ಜಿ ನಮ್ಮ ಜಗುಲಿಯ ಪಕ್ಕದ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಳಂತೆ. ನಾನು ಹುಟ್ಟಿದಾಗ ನನ್ನನ್ನು ಮೊದಲು ಎತ್ತಿಕೊಂಡ ಕೈ ಅವರದು. ಅಜ್ಜಿ ಅವರನ್ನು ರೋಸಿ ಎನ್ನುತ್ತಿದ್ದಳು, ಅವರು ಅಜ್ಜಿಯನ್ನು ಅವ್ವ ಎನ್ನುತ್ತಿದ್ದರು. ಅವರ ತಾಯಿ ಕೋಲಾರದ ಚಿನ್ನದ ಗಣಿಯ ಕಡೆ ಯಾವುದೋ ಬಂಗಲೆಯಲ್ಲಿ ಆಯಾ ಆಗಿದ್ದವರು. ದೊರೆಸಾನಿ ತನ್ನ ದೇಶಕ್ಕೆ ಹೊರಟಾಗ ಕೊಟ್ಟುಹೋದ ಗುಂಡುಗಳಂತೆ ಅವು. ಕೆಂಪು, ನೀಲಿ, ಬಣ್ಣ ಮಾಸಿದ ಬೆಳ್ಳಿ. ಒಂದು ಪುಟ್ಟ ಹಕ್ಕಿ. ಮೈಯೆಲ್ಲ ಉಬ್ಬುಬ್ಬಾಗಿದ್ದ ಇನ್ನೊಂದನ್ನು ಅಜ್ಜಿ ನೋಡಿದ ತಕ್ಷಣ ಸೀತಾಫಲ ಎಂದಳು, ಕೊನೆಗೆ ರೋಸಮ್ಮನವರೂ ಅದನ್ನು ಸೀತಾಫಲ ಎಂದೇ ಕರೆಯತೊಡಗಿದರು. ಸೀಮೆಎಣ್ಣೆ ಡಬ್ಬಕ್ಕೆ ಮರಳು ತುಂಬಿ, ಸರ್ವೆ ಮರದ ಕೊಂಬೆ ನೆಟ್ಟು, ಅವನ್ನೆಲ್ಲ ಅದಕ್ಕೆ ಕಟ್ಟುವಾಗ ನಾನೂ ಅಣ್ಣನೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

ನಾನು ಸ್ಕೂಲಿಗೆ ಸೇರಿದ ವರ್ಷ ರೋಸಮ್ಮನವರಿಗೆ ನಿಡುಗಲ್ ಕಡೆಗೆ ವರ್ಗವಾಯಿತು. ಹೊರಡುವ ದಿನ ಗುಂಡುಗಳ ಪೆಟ್ಟಿಗೆಯನ್ನು ಅಜ್ಜಿಯ ಮಡಿಲಲ್ಲಿಟ್ಟು, "ಅವ್ವಾ, ಪಾವಗಡದ ರೋಡಲ್ಲಿ ಬಸ್ಸು ಕುಣಿಯೋ ಕುಣಿತಕ್ಕೆ ಇವು ಪುಡಿಯಾಗ್ತವೆ. ನಿಮ್ಮತ್ರಾನೇ ಇರ್ಲಿ. ನಾನು ಬಂದು ತಗೊಂಡೋಗ್ತೀನಿ" ಎಂದರು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, "ಮೊಟ್ಟೆ ಮಡಗ್ದಂಗೆ ಮಡಗಿರ್ತೀನಿ, ಹೋಗ್ಬಾ ಮಗ" ಎಂದಳು. ಹೇಳಿದ ಹಾಗೇ ಮಾಡಿದಳು. ನಮ್ಮಲ್ಲಿ ಮೊಟ್ಟೆಯನ್ನು ರಾಗಿಯೊಳಗೆ ಹೂತಿಡುತ್ತಿದ್ದರು. ಅಜ್ಜಿ ಗುಂಡುಗಳನ್ನೂ ಒಂದು ಗುಡಾಣದ ರಾಗಿಯಲ್ಲಿ ಹಾಗೆಯೇ ಹೂತಿಟ್ಟಳು.

ಇಟ್ಟು ಸುಮ್ಮನಿದ್ದರೆ ಅವಳು ನಮ್ಮಜ್ಜಿಯೇ ಅಲ್ಲ. ಡಿಸೆಂಬರಿನಲ್ಲಿ, ಊರೆಲ್ಲ ಅವರೆಕಾಯಿ ಸೊಗಡಿನಲ್ಲಿ ಮುಳುಗಿರುವಾಗ, ಅಪ್ಪನಿಂದ ಸರ್ವೆ ಕೊಂಬೆ ತರಿಸಿ, ಎಲ್ಲವನ್ನೂ ಕಟ್ಟಿಸಿ, ನೇಗಿಲಿಗೆ, ಒನಕೆಗೆ ಇಡುವ ಹಾಗೆ ಒಂದೊಂದು ಗುಂಡಿಗೂ ಕುಂಕುಮ ಇಟ್ಟಳು. ಸಾಂಬ್ರಾಣಿ ಹಾಕಿದಳು. ಧನುರ್ಮಾಸದ ಹುಗ್ಗಿಯನ್ನು ಅದಕ್ಕೂ ಎಡೆ ಇಟ್ಟಳು. ಪಕ್ಕದ ಮನೆ ಪುಟ್ಟಮ್ಮ ಬಾಗಿಲಲ್ಲೇ ನಿಂತು, "ಏನ್ ನಿಂಗಕ್ಕ, ಏಸಪ್ಪನ ಒಕ್ಲಾಗ್ಬುಟ್ಟಾ?" ಎಂದು ಕಿಸಕ್ಕನೆ ನಕ್ಕಳು. ಅಜ್ಜಿ ಆರತಿ ತಟ್ಟೆ ಇಳಿಸದೆಯೇ, "ಇನ್ನೊಬ್ರ ಒಡವೆ ಮಡಿಕಂಡ್ಮ್ಯಾಕೆ ಅವ್ರ ಹಬ್ಬಾನೂ ಮಡಿಕಬೇಕು ಕಣೇ. ಇಲ್ದಿದ್ರೆ ಒಡವೆ ಬ್ಯಾಸ್ರ ಮಾಡ್ಕಳಲ್ವಾ?" ಎಂದಳು. ಪುಟ್ಟಮ್ಮ ಎರಡನೇ ಸಲ ಹುಗ್ಗಿ ಹಾಕಿಸಿಕೊಂಡು ಹೋದಳು.

ರೋಸಮ್ಮನವರು ಬರಲಿಲ್ಲ. ವರ್ಗದ ಮೇಲೆ ವರ್ಗವಾಗಿ ಎಲ್ಲೆಲ್ಲೋ ಇದ್ದಾರೆಂದು ಯಾರೋ ಅಂದರು. ಒಂದು ವರ್ಷ ಮೇಕೆಮರಿಯೊಂದು ಸರ್ವೆ ಸೊಪ್ಪಿಗೆ ಬಾಯಿ ಹಾಕಿ ಜಗ್ಗಿತು, ಗಾಜಿನ ಹಕ್ಕಿ ನೆಲಕ್ಕೆ ಬಿತ್ತು. ಅಜ್ಜಿ ಅವತ್ತು ಉಣ್ಣಲಿಲ್ಲ. ಒದ್ದೆ ಬಟ್ಟೆಯಿಂದ ಚೂರುಗಳನ್ನೆಲ್ಲ ಒತ್ತಿ ತೆಗೆದು, ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಅದನ್ನೂ ರಾಗಿಯೊಳಗಿಟ್ಟಳು. "ಒಡ್ದಿದ್ನೂ ತೋರಿಸ್ಬೇಕಲ್ಲ. ರೋಸಿ ಬಂದಾಗ ಏನಂತ ಹೇಳ್ಲಿ?" ಹಾಸಿಗೆ ಹಿಡಿದ ಮೇಲೆ ಅವಳಿಗೆ ಬೇರೆ ಚಿಂತೆಯೇ ಇರಲಿಲ್ಲ. ಮಧುಗಿರಿಯಿಂದ ಬಸ್ಸು ಬಂದು ನಿಂತ ಸದ್ದಾದರೆ, "ರೋಸಿ ಬಂದ್ಲೇನೋ ನೋಡ್ಲಾ, ನನ್ ಕೈಯಾರ ಕೊಟ್ಬುಡ್ತೀನಿ" ಎಂದು ಅಣ್ಣನನ್ನು ಬಾಗಿಲಿಗೆ ಅಟ್ಟುತ್ತಿದ್ದಳು. ಅವನು ಹೋಗಿ ನೋಡಿ ಬಂದು ಇಲ್ಲವೆನ್ನುತ್ತಿದ್ದ. ಕಾರ್ತಿಕದಲ್ಲಿ ಅಜ್ಜಿ ಹೋಗಿಬಿಟ್ಟಳು.

ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ. ಡಿಸೆಂಬರಿನಲ್ಲಿ ಅಮ್ಮ ಗುಡಾಣಕ್ಕೆ ಕೈ ಹಾಕಿದಾಗ ಅಪ್ಪ ತಡೆದರು. "ಇದು ರೋಸಮ್ಮನೋರ ಹಬ್ಬ. ಸೂತಕ ಆಗಿರೋದು ನಮ್ಮನೇಗೆ, ಅವರ್ಗೇನು?" ಎಂದು ಅಮ್ಮ ಕೊಂಬೆ ನೆಟ್ಟೇಬಿಟ್ಟಳು. ಅಜ್ಜಿ ಇಡುತ್ತಿದ್ದ ಜಾಗದಲ್ಲೇ ಹೊಸ ಕುಂಕುಮವನ್ನೂ ಇಟ್ಟಳು. ಸುದ್ದಿ ಹೇಗೆ ಮುಟ್ಟಿತ್ತೋ, ಅದೇ ವಾರ ರೋಸಮ್ಮನವರು ಬಂದರು. ತಲೆ ಪೂರ್ತಿ ನರೆತಿತ್ತು. ಬಾಗಿಲಲ್ಲಿ ಕಾಲಿಟ್ಟವರು ಕೊಂಬೆಯನ್ನು ನೋಡಿ, "ಅವ್ವಾ..." ಎಂದು ಅಲ್ಲೇ ಕುಸಿದು ಕೂತರು. ಸೂತಕ ಅವರಿಗೂ ಆಗಿತ್ತೆಂದು ನಮಗೆ ಆಗ ತಿಳಿಯಿತು.

ಕ್ರಿಸ್ತನ ಹಬ್ಬದ ಒಡವೆಗೆ ಕುಂಕುಮ ಮೆತ್ತಿದ್ದೇವಲ್ಲ ಎಂದು ಅಮ್ಮ ನಾಚಿ, ಸೆರಗಿನ ತುದಿಯಿಂದ ಸೀತಾಫಲವನ್ನು ಒರೆಸಲು ಹೋದಳು. ರೋಸಮ್ಮನವರು ಅವಳ ಕೈ ಹಿಡಿದುಕೊಂಡರು. "ಒರೆಸ್ಬೇಡ ಕಣಮ್ಮ." ಅಮ್ಮ ಅಳುತ್ತಲೇ ಚೂರುಗಳ ಗಂಟನ್ನು ತಂದು ಬಿಚ್ಚಿ ತೋರಿಸಿದಳು. ಅವರು ಅದನ್ನು ಮತ್ತೆ ಗಂಟು ಕಟ್ಟಿ, ತಮ್ಮ ಚೀಲದೊಳಗೆ ಇಟ್ಟುಕೊಂಡರು. "ನನಗಿದು ಸಾಕು. ಮಿಕ್ಕಿದ್ದು ಇಲ್ಲೇ ಇರ್ಲಿ. ನಾನು ಬಂದು ತಗೊಂಡೋಗ್ತೀನಿ."

ಆಮೇಲೆ ಅವರು ಬರಲಿಲ್ಲ. ಕೋಲಾರದ ತಂಗಿಯ ಮನೆಯಲ್ಲಿ ತೀರಿಕೊಂಡರೆಂದು ಎಷ್ಟೋ ಕಾಲದ ಮೇಲೆ ತಿಳಿಯಿತು. ಈಗ ಅಮ್ಮನೂ ಇಲ್ಲ. ಮನೆ ಕೆಡವುವಾಗ ನಾನು ಕೇಳಿ, ತಗಡಿನ ಡಬ್ಬಕ್ಕೆ ತುಂಬಿಕೊಂಡು ತಂದದ್ದು ಗುಂಡುಗಳಿದ್ದ ಆ ರಾಗಿಯನ್ನು ಮಾತ್ರ. ನಿನ್ನೆ ಕೊಂಬೆಗೆ ಗುಂಡು ಕಟ್ಟುತ್ತಿದ್ದಾಗ ನನ್ನ ಮಗಳು ಕುಂಕುಮದ ಬಟ್ಟಲು ಹಿಡಿದುಕೊಂಡು ಕೇಳಿದಳು, "ಯಾರದಮ್ಮ ಇವೆಲ್ಲ?"

"ರೋಸಮ್ಮನವರದು ಕಣೆ," ಎಂದೆ. "ಬಂದು ತಗೊಂಡೋಗ್ತಾರೆ."