ಸೇವಂತಿಯಕ್ಕನ ಮೂರನೇ ಊಟ

ನಮ್ಮ ಅಡುಗೆ ಬರಹಗಾರರ ಸಂಘ ಹುಟ್ಟಿದ್ದೇ ಹೊಡೆದಾಟದಲ್ಲಿ. ಹದಿಮೂರು ವರ್ಷದ ಹಿಂದಿನ ಮಾತು. ಪತ್ರಿಕೆಗೆ ಊಟ-ತಿಂಡಿಯ ಬಗ್ಗೆ ಬರೆಯುವ ನಾವು ಏಳೆಂಟು ಮಂದಿ ಮುಂಬಯಿಯ ಚೆಂಬೂರಿನ ಸೇವಂತಿಯಕ್ಕನ ಮೆಸ್ಸಿನಲ್ಲಿ ಸೇರುತ್ತಿದ್ದೆವು. ನಮ್ಮಲ್ಲೊಬ್ಬ ಪುಕ್ಕಟೆ ತಿಂದು ಒಂದು ಹೋಟೆಲನ್ನು ಹೊಗಳಿ ಬರೆದ. ಅದನ್ನು ನಂಬಿ ಅಲ್ಲಿ ಉಂಡ ನನ್ನ ಹೆಂಡತಿ ಎರಡು ದಿನ ವಾಂತಿ ಮಾಡಿದಳು. ನಾನು ಅವನ ಮುಖಕ್ಕೆ ಸ್ಟೀಲ್ ತಟ್ಟೆಯಲ್ಲಿ ಬಾರಿಸಿದೆ; ಹಲ್ಲು ಸಾಂಬಾರಿಗೆ ಬಿತ್ತು. ಸೇವಂತಿಯಕ್ಕ ಸೌಟು ಹಿಡಿದು ನಡುವೆ ನಿಂತರು.

"ಹೊಡೆದಾಡುವುದಾದ್ರೆ ಬೀದಿಗೆ ಹೋಗಿ. ಇಲ್ಲಾಂದ್ರೆ ಕೂತು ಒಂದು ನಿಯಮ ಮಾಡಿ."

ನಿಯಮವನ್ನೂ ಅವರೇ ಹೇಳಿದರು: ಬೇರೆ ಬೇರೆ ಮೂರು ದಿನ ಸ್ವಂತ ದುಡ್ಡಿನಲ್ಲಿ ತಿಂದ ಮೇಲೆಯೇ ಬರೆಯಬೇಕು.

ನಾಲ್ಕನೇ ಕ್ಲಾಸು ಕಲಿತ ಹೆಂಗಸು. ಮದುವೆಯಾಗಿ ಕಾಪುವಿನಿಂದ ಬಂದವರು. ಪರೇಲಿನ ಮಿಲ್ಲು ಮುಚ್ಚಿದ ಮೇಲೆ ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಒಂದು ದಿನ ಅಕ್ಕ ಕಾದ ಕಾವಲಿ ಎತ್ತಿ ಅವನ ಮುಖದ ಹತ್ತಿರ ಹಿಡಿದರು; ಆಮೇಲೆ ಅವನು ಕೈ ಎತ್ತಲಿಲ್ಲ. ಬಂಗುಡೆ ಬಾಯಿಗಿಟ್ಟರೆ ಎಷ್ಟು ದಿನದ ಮೀನೆಂದು ಹೇಳುವ ನಾಲಿಗೆ ಅವರದು. ನಾವೇ ಒತ್ತಾಯಿಸಿ ಅವರನ್ನೂ ಸಂಘಕ್ಕೆ ಸೇರಿಸಿಕೊಂಡು ಪತ್ರಿಕೆಗೆ ಬರೆಯಲು ಹಚ್ಚಿದೆವು.

ಕಳೆದ ವರ್ಷ ಕುರ್ಲಾದ ಒಂದು ಹೋಟೆಲಿನ ಬಗ್ಗೆ ಬರೆದರು: 'ಬಂಗುಡೆ ಹಳತು, ನಾಲಿಗೆ ಚುರುಚುರು ಎನ್ನುತ್ತದೆ, ವಾಸನೆ ಮುಚ್ಚಲು ಹುಳಿ ಸುರಿದಿದ್ದಾರೆ.' ಮರುದಿನವೇ ಹೋಟೆಲಿನ ಮಾಲಕ ಅನಿಲ ಇಬ್ಬರನ್ನು ಕಟ್ಟಿಕೊಂಡು ಮೆಸ್ಸಿಗೆ ನುಗ್ಗಿದ.

"ಬರೆಯೋ ಕೈ ಯಾವುದು?"

ಅಕ್ಕ ಬಲಗೈ ಚಾಚಿದರಂತೆ. ಅನಿಲನೂ ಜೊತೆಯವರೂ ಅಕ್ಕನದೇ ಅರೆಯುವ ಕಲ್ಲಿನ ಗುಂಡು ಎತ್ತಿ ಆ ಕೈಯ ನಾಲ್ಕು ಬೆರಳು ಜಜ್ಜಿದರು.

ಸಂಘದ ಸಭೆ ಕರೆದೆವು. ಅಧ್ಯಕ್ಷ ಹಿತೇಶ್, "ಕ್ಷಮೆ ಕೇಳಿ ಪತ್ರಿಕೆಯಲ್ಲಿ ಎರಡು ಸಾಲು ಹಾಕಿಸುವಾ, ಖತಂ" ಎಂದ. ಅವನ ಕೆನ್ನೆಗೆ ಬಿಗಿದು, ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಅಕ್ಕನಿಗೆ ಹೇಳಿದೆ.

"ಅವನಿಗೆ ಎಂತಕ್ಕೆ ಹೊಡೆದೆ ಮಾರಾಯ? ನಾನು ಎರಡೇ ಸಲ ತಿಂದದ್ದು. ಮೂರನೇ ದಿನ ಲೋಕಲ್ ರೈಲು ನಿಂತಿತ್ತು. ಬರೆದು ಕೊಟ್ಟುಬಿಟ್ಟೆ."

ನಿಯಮ ಮುರಿದವರು ಸಂಘದಿಂದ ಹೊರಗೆ.

"ಯಾರಿಗೂ ಗೊತ್ತಿಲ್ಲ ಅಕ್ಕ, ಸುಮ್ಮನಿರಿ."

"ನನ್ನ ನಾಲಿಗೆಗೆ ಗೊತ್ತುಂಟಲ್ಲ. ಒಂದು ಊಟ ಬಾಕಿ ಉಂಟು, ಹೋಗುವಾ."

ಆಸ್ಪತ್ರೆಯಿಂದ ಬಿಟ್ಟ ಮೇಲೆ, ಪ್ಲಾಸ್ಟರ್ ಹಾಕಿದ ಕೈಯಲ್ಲೇ ಕುರ್ಲಾಕ್ಕೆ ಹೊರಟರು. ಜಾಮೀನಿನ ಮೇಲೆ ಹೊರಬಂದಿದ್ದ ಅನಿಲ ದುಡ್ಡಿನ ಗಲ್ಲೆಯಲ್ಲೇ ಕೂತಿದ್ದ.

"ಏನಕ್ಕ, ಇನ್ನೊಂದು ಕೈ ಕೊಡ್ಲಿಕ್ಕೆ ಬಂದ್ರಾ?"

ನಾನು ಅವನ ಕುತ್ತಿಗೆ ಹಿಡಿದು ತಲೆಯನ್ನು ಗಲ್ಲೆಗೆ ಚಚ್ಚಿದೆ. ಸೋಂಪಿನ ಗಾಜಿನ ಭರಣಿ ಒಡೆಯಿತು, ಹುಬ್ಬು ಸೀಳಿ ರಕ್ತ ಇಳಿಯಿತು. ವೇಟರುಗಳು ನನ್ನ ಮೇಲೆ ಬಿದ್ದರು. ಪಕ್ಕೆಲುಬಿಗೆ ಎರಡು ಒದೆ ಬಿತ್ತು.

"ಧನರಾಜ, ಬಿಡು ಅವನನ್ನು! ನೀವೂ ಬಿಡ್ರೋ! ನನಗೆ ಹಸಿವೆ. ಒಂದು ಬಂಗುಡೆ ಊಟ ಕೊಡಿ."

ಅಕ್ಕನ ದನಿಗೆ ಎಲ್ಲರೂ ಕೈ ಬಿಟ್ಟರು. ಒಬ್ಬ ತಟ್ಟೆ ತಂದಿಟ್ಟ. ಅಕ್ಕ ಎಡಗೈಯಲ್ಲಿ ಮುಳ್ಳು ಬಿಡಿಸಿ, ಒಂದೊಂದೇ ತುತ್ತು ತಿಂದರು. ಅನಿಲ ಹಣೆಗೆ ಟವೆಲ್ ಒತ್ತಿಕೊಂಡು ನೋಡುತ್ತಿದ್ದ.

"ಇವತ್ತಿನದ್ದು ತಾಜಾ ಉಂಟು" ಎಂದರು ಅಕ್ಕ.

ನನಗೆ ಮೈ ಉರಿಯಿತು. "ಕೊಳೆತಿತ್ತು ಅಂತ ಬರೆಯಿರಿ ಅಕ್ಕ! ಇವನಿಗೆ ಅದೇ ಆಗಬೇಕು!"

"ನನಗೆ ಬರೆಯಲಿಕ್ಕೆ ಎಲ್ಲಿ ಕೈ ಉಂಟು? ಪೆನ್ನು ತೆಗಿ. ನಾನು ಹೇಳಿದ್ದು ಮಾತ್ರ ಬರಿ."

'ಎರಡು ದಿನ ಮೀನು ಹಳತಿತ್ತು, ಮೂರನೇ ದಿನ ತಾಜಾ ಇತ್ತು, ಮೂರನೆಯದನ್ನು ತಿನ್ನದೆ ಬರೆದದ್ದು ನನ್ನ ತಪ್ಪು.' ಇಷ್ಟೇ ಬರೆಸಿದರು.

"ಬೆರಳಿನ ವಿಷಯ?"

"ಅದನ್ನು ಪೊಲೀಸರಿಗೆ ಹೇಳಿದ್ದೇನೆ. ಊಟದ ಬರಹದಲ್ಲಿ ಅದೆಂತಕ್ಕೆ?"

ಮುಂದಿನ ಸಭೆಯಲ್ಲಿ, ತಾನು ಸಂಘದಿಂದ ಹೊರಗೆ ಎಂದು ಅವರೇ ಹೇಳಿ ಎದ್ದರು. ಹಿತೇಶ್ ಅಳುಮುಖ ಮಾಡಿಕೊಂಡು ಸರಿಯೆಂದು ತಲೆ ಆಡಿಸಿದ. ನಾನು ಕುರ್ಚಿ ಎತ್ತಿದೆ, ಯಾರಿಗೆ ಹೊಡೆಯುವುದೆಂದು ತಿಳಿಯಲಿಲ್ಲ.

"ಅದು ಮೆಸ್ಸಿನ ಕುರ್ಚಿ ಮಾರಾಯ, ಕೆಳಗಿಡು" ಎಂದು ಅಕ್ಕ ಅಡುಗೆಮನೆಗೆ ಹೋದರು.